ತವರಿನ ವಿಳಾಸ

ಇದು ಆಗಿಹೋದ ಕಥೆ ಅಲ್ಲ. ಆಗೋದಕ್ಕೆ ಇನ್ನೂ ಹದಿನೈದಿಪ್ಪತ್ತು ವರ್ಷ ಇದೆ. ಹಾಗಾಗಿ ಯಾವ ಪೇಪರಲ್ಲಿ ಬಂತು, ಯಾರು ಹೇಳಿದ್ರು ಅಂತ ಕೇಳೋಕೆ ಹೋಗ್ಬೇಡಿ. ಊರಿನ ಹೆಸ್ರು ತೆಂಕಬೇಲೆ ಅಂತ ಇಟ್ಕೊಳ್ಳಿ. ಬೇಲೆ ಅಂದ್ರೆ ಆ ಕಡೆ ಕಡಲದಂಡೆ. ಹೊನ್ನಾವರ ದಾಟಿ ತೆಂಕಕ್ಕೆ ಹೋದ್ರೆ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ನಾಲಿಗೆ ಚಾಚಿದ ಹಾಗೆ ಮರಳು. ಆ ನಾಲಿಗೆಯನ್ನ ಕಡಲು ವರ್ಷಕ್ಕೆ ಹತ್ತು ಹೆಜ್ಜೆ ತಿಂತಾ ಬಂದಿತ್ತು. ಇನ್ನು ಇಪ್ಪತ್ತು ವರ್ಷಕ್ಕೆ ಅಲ್ಲಿ ಮರಳೇ ಇರೋದಿಲ್ಲ ಅಂತ ಲೆಕ್ಕ ಬಲ್ಲವ್ರು ಹೇಳಿ ಆಗಿತ್ತು.

ಮನುಷ್ಯರಾದ್ರೆ ಗಂಟುಮೂಟೆ ಕಟ್ಕೊಂಡು ಬೇರೆ ಕಡೆ ಹೋಗ್ತಾರೆ. ಕಡಲಾಮೆಗೆ ಅದು ಬರೋದಿಲ್ಲ. ಅದು ಥೇಟ್ ನಮ್ಮ ಹೆಣ್ಮಕ್ಕಳ ಹಾಗೆ. ಪ್ರಪಂಚ ಎಲ್ಲ ಸುತ್ತಿದ್ರೂ ಹೆರಿಗೆಗೆ ತವರೇ ಆಗ್ಬೇಕು. ತಾನು ಹುಟ್ಟಿದ ಬೇಲೆಗೇ ಬಂದು ಗುಳಿ ತೋಡಿ ಮೊಟ್ಟೆ ಇಡ್ತದೆ. ದಾರಿ ಹೇಗೆ ಗೊತ್ತಾಗ್ತದೆ ಅಂದ್ರೆ, ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಒಂದೊಂದು ಜಾಗದಲ್ಲಿ ಅದರ ಎಳೆತ ಒಂದೊಂದು ನಮೂನೆ. ಇಲ್ಲಿ ಇಷ್ಟು ಬಿಗಿ, ಇಷ್ಟು ಓರೆ. ಅಲ್ಲಿ ಅಷ್ಟು ಬಿಗಿ, ಅಷ್ಟು ಓರೆ. ಮರಿ ಮೊಟ್ಟೆಯೊಳಗೆ ಇದ್ದಾಗ್ಲೇ ಆ ಎರಡು ಅಂಕಿ ಬಾಯಿಪಾಠ ಮಾಡಿರ್ತದೆ. ಅದೇ ಅದರ ತವರಿನ ವಿಳಾಸ.

ಡಾಕ್ಟರ್ ಸಂಗಮೇಶ ಬೆಣಕಲ್ ಅಂತ ಒಬ್ರು. ಸೂಜಿ ಚುಚ್ಚೋ ಡಾಕ್ಟರಲ್ಲ, ಓದಿ ಆದ ಡಾಕ್ಟರು. ಗದಗದ ಕಡೆಯವ್ರು, ಕಡಲು ಕಂಡದ್ದೇ ಇಪ್ಪತ್ತೆರಡನೇ ವರ್ಷಕ್ಕೆ. ಕಂಡ ಮೇಲೆ ಬಿಟ್ಟು ಹೋಗ್ಲಿಲ್ಲ. ಅವ್ರ ತಲೆಗೆ ಬಂದದ್ದು ಒಂದೇ ಪ್ರಶ್ನೆ: ತವರು ಮುಳುಗೋದೇ ಖಾತ್ರಿ ಆದ್ರೆ, ಮರಿ ಹುಟ್ಟೋ ಮೊದಲೇ ತವರಿನ ವಿಳಾಸ ಬದಲ್ಸಿದ್ರೆ ಹೇಗೆ? ಲಕ್ಷದ್ವೀಪದ ಕಡೆ ಒಂದು ಮರಳು ದಿಬ್ಬ, ಜನ ಇಲ್ಲ, ಮರ ಇಲ್ಲ, ಕುಡಿಯೋಕೆ ಒಂದು ತೊಟ್ಟು ನೀರಿಲ್ಲ. ಆಮೆಗೆ ಅದು ಅರಮನೆ. ಅಲ್ಲಿಯ ಅಂಕಿ ತಂದು ತೆಂಕಬೇಲೆಯ ಮೊಟ್ಟೆಗೆ ಉಣಿಸೋದು ಅಂತ ಮಾಡಿದ್ರು. ಒಂದು ಕೋಣೆ, ಅದರೊಳಗೆ ಆಳೆತ್ತರದ ಮರದ ಚೌಕಟ್ಟು, ಚೌಕಟ್ಟಿಗೆ ಮೂರು ದಿಕ್ಕಿಂದಲೂ ಸುತ್ತಿದ ತಾಮ್ರದ ತಂತಿ. ಕರೆಂಟ್ ಹಾಯಿಸಿದ್ರೆ ಆ ಚೌಕಟ್ಟಿನೊಳಗೆ ಭೂಮಿಯ ಎಳೆತ ಹೋಗಿ ದಿಬ್ಬದ ಎಳೆತ ಕೂತ್ಕೊಳ್ತದೆ. ಒಳಗೆ ಮರಳಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮೊಟ್ಟೆ. ಹಗಲೂ ರಾತ್ರಿ ಗುಂಯ್ ಅಂತ ಒಂದೇ ಸದ್ದು. ಅಲ್ಲಿ ಕೆಲಸ ಮಾಡೋ ಹೆಂಗಸ್ರು ಅದನ್ನ ಗುಂಯ್‌ಕೋಣೆ ಅಂತಿದ್ರು.

ಆ ಹೆಂಗಸ್ರಲ್ಲಿ ಒಬ್ಬಳು ಗುಲಾಬಿ, ಮೀನುಗಾರ ಹರಿಕಂತ್ರರ ಮನೆಯವಳು. ಮೊಟ್ಟೆ ಕೈಲಿ ಹಿಡಿದ್ರೆ ಜೀವ ಇದೆಯೋ ಇಲ್ವೋ ಹೇಳ್ತಿದ್ಲು. ಗಂಡ ದಾಮೋದರ ಬೋಟಿಗೆ ಹೋಗೋನು. ಮನೆಯಲ್ಲಿ ಅತ್ತೆ ಮಾಸ್ತಮ್ಮ. ಒಬ್ಬಳೇ ಮಗಳು ಸಿಂಚನಾ, ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದು ಹೊಸ ಹಲ್ಲು ಇಣುಕ್ತಿದ್ದ ಪ್ರಾಯ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮರಿ ಬಿಡೋ ಕಾರ್ಯಕ್ರಮ ಇಟ್ಟಿದ್ರು. ಶಾಲೆಮಕ್ಕಳು, ಕ್ಯಾಮೆರಾ ಹಿಡಿದವ್ರು, ಇಲಾಖೆಯ ಸಾಹೇಬರು ಎಲ್ಲ ಬಂದಿದ್ರು. ಸಾಹೇಬರು ಬೂಟ್ಸ್ ಬಿಚ್ಚೋದೋ ಬೇಡವೋ ಅಂತ ಅರ್ಧ ಗಂಟೆ ಯೋಚನೆ ಮಾಡಿ ಕೊನೆಗೆ ಬೂಟ್ಸಲ್ಲೇ ತೆರೆಗೆ ಸಿಕ್ಕಿ ಒದ್ದೆ ಆದ್ರು. ಮಕ್ಕಳನ್ನ ಹಗ್ಗದ ಹಿಂದೆ ಸಾಲಾಗಿ ನಿಲ್ಸಿದ್ರು. ಗುಲಾಬಿ, ಅವಳ ಜೊತೆಯವಳು ಬೇಬಿ ಫರ್ನಾಂಡಿಸ್, ಇಬ್ರೂ ಬುಟ್ಟಿ ತಂದು ಮರಳಿನ ಮೇಲೆ ಮೆಲ್ಲ ಮಗುಚಿದ್ರು. ತೊಂಬತ್ತೆರಡು ಮರಿ. ಒಂದೊಂದು ನಮ್ಮ ಅಂಗೈಯ ನಡುವಿನ ಗುಳಿಯಷ್ಟೇ. ಕಪ್ಪು ಹುಣಸೆಬೀಜಕ್ಕೆ ಕಾಲು ಬಂದ ಹಾಗೆ ತುರುತುರು ಓಡಿದ್ವು.

ನೀರು ಮುಟ್ಟುವವರೆಗೂ ಎಲ್ಲ ನೆಟ್ಟಗೆ ಓಡ್ತವೆ, ಅದು ಬೆಳಕು ನೋಡಿ. ನೀರಿಗೆ ಬಿದ್ದ ಮೇಲೆ ಅವು ಒಟ್ಟಿಗೇ ಎಡಕ್ಕೆ ಓರೆಯಾಗಿ ತಿರುಗಿದ್ವು. ನೈಋತ್ಯಕ್ಕೆ. ದಿಬ್ಬ ಇದ್ದದ್ದು ಅದೇ ದಿಕ್ಕಿಗೆ. ಬಾಚಣಿಗೆ ಎಳೆದ ಹಾಗೆ ತೊಂಬತ್ತೆರಡೂ ಒಂದೇ ಓರೆ. ಡಾಕ್ಟರ್ ಅದನ್ನೇ ಇಲಾಖೆಯ ಸಾಹೇಬರಿಗೆ ಬೆರಳು ಮಾಡಿ ತೋರಿಸ್ತಿದ್ರು. ಗುಲಾಬಿ ಇದನ್ನ ಎಂಟು ವರ್ಷದಿಂದ ಕಂಡವಳು, ಅವಳಿಗೆ ಅದೇನು ಹೊಸತಲ್ಲ. ಅವಳು ತಿರುಗಿ ಮಗಳು ಎಲ್ಲಿದ್ದಾಳೆ ಅಂತ ನೋಡಿದ್ಲು.

ಹಗ್ಗದ ಹಿಂದೆ ನಲವತ್ತು ಮಕ್ಕಳು ಮುಖ ನೆಟ್ಟಗೆ ಕಡಲಿಗೆ ಮಾಡಿ ನಿಂತಿದ್ವು. ಸಿಂಚನಾ ಒಬ್ಬಳೇ ಓರೆಯಾಗಿ ನಿಂತಿದ್ಲು. ಮುಖ, ಎದೆ, ಮೊಣಕಾಲು, ಕಾಲಿನ ಹೆಬ್ಬೆರಳು, ಅಷ್ಟೂ ಎಡಕ್ಕೆ. ಮರಿ ತಿರುಗಿದ ಅದೇ ಓರೆ, ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಮರಿಗಳನ್ನ ನೋಡ್ತಾ ಇರ್ಲಿಲ್ಲ ಅವಳು. ಅವಳ ಕಣ್ಣು ಮುಚ್ಚಿತ್ತು.

ಗುಲಾಬಿ ಹೆಸರು ಹಿಡಿದು ಕರೆಯೋದ್ರೊಳಗೆ ಹುಡುಗಿ ಹಗ್ಗದಡಿ ನುಸುಳಿ ನಡೆದೇ ಬಿಟ್ಟಿತ್ತು. ಮೊಣಕಾಲಿನ ನೀರು, ತೊಡೆಮಟ್ಟದ ನೀರು. ಗುಲಾಬಿ ಓಡಿ ಹೋಗಿ ರಟ್ಟೆ ಹಿಡಿದು ಎಳೆದ್ಲು. ಹುಡುಗಿ ಅಳ್ಲಿಲ್ಲ, ಕೊಸರಲಿಲ್ಲ. ಬಸ್ ತಪ್ಪಿ ಹೋಗ್ತದೆ ಅನ್ನೋ ಹಾಗೆ ಸಣ್ಣಕೆ ಹೇಳ್ತು.

"ಬಿಡಮ್ಮ, ಮನೆಗೆ ಹೋಗ್ಬೇಕು."

ನೋಡಿದವ್ರು ನಕ್ರು. ನಿನ್ ಮಗಳಿಗೆ ಮರಿ ಸಂಗ್ತಿಗೆ ಈಜೂ ಆಸೆ ಮಾರಾಯ್ತಿ ಅಂದ್ಲು ಬೇಬಿ. ಗುಲಾಬಿನೂ ನಗೋ ಹಾಗೆ ಮಾಡಿದ್ಲು. ಆದ್ರೆ ಅವಳ ಕೈ ಮಗಳ ರಟ್ಟೆ ಬಿಡ್ಲಿಲ್ಲ, ಸೊಂಟದವರೆಗೆ ಒದ್ದೆಯಾದ ಸೀರೆಯಲ್ಲೇ ಮನೆವರೆಗೂ ಬಿಡ್ಲಿಲ್ಲ.

ಮನೆಗೆ ಬಂದ ಮೇಲೆ ಶುರುವಾದದ್ದು ನಿಜವಾದ ಹೆದರಿಕೆ. ಹುಡುಗಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, ತನ್ನದೇ ಮನೆಯೊಳಗೆ ಕೂತು, ಅಮ್ಮ ಮನೆಗೆ ಹೋಗುವಾ ಅಂತ ಕೇಳ್ತು. ಇದೇ ಮನೆ ಅಲ್ದನೇ ಅಂದ್ರೆ ಸುತ್ತ ಕಣ್ಣಾಡ್ಸಿ, ನೆಂಟರ ಮನೆಯಲ್ಲಿ ಊಟ ಬೇಡ ಅನ್ನೋಕೆ ನಾಚಿಕೊಳ್ಳೋ ಮಕ್ಕಳ ಹಾಗೆ ಸುಮ್ನಾಗ್ತು. ಉಣ್ಲಿಲ್ಲ. ಮಾಸ್ತಮ್ಮ ದೃಷ್ಟಿ ಅಂದ್ರು, ಉಪ್ಪು ಮೆಣಸು ಇಳಿಸಿ ಒಲೆಗೆ ಹಾಕಿದ್ರು. ಮೆಣಸು ಘಾಟು ಬಂತು. ಘಾಟು ಬಂದ್ರೆ ದೃಷ್ಟಿ ಅಲ್ಲ ಅಂತ ಅವ್ರದ್ದೇ ಲೆಕ್ಕ, ಹಾಗಾಗಿ ಮುದುಕಿ ಇನ್ನೂ ಹೆದರ್ತು.

ಆಗ ಗುಲಾಬಿಗೆ ಒಂದೊಂದೇ ಹೊಳೆಯೋಕೆ ಹತ್ತಿತು. ಇತ್ತೀಚೆಗೆ ದಿನಾ ಬೆಳಗ್ಗೆ ಮಗಳ ಚಾಪೆ ಓರೆಯಾಗಿರ್ತಿತ್ತು. ತಾನು ನೆಟ್ಟಗೆ ಹಾಸಿದ್ರೂ ಬೆಳಗ್ಗೆ ಓರೆ, ತಲೆ ಒಂದೇ ಮೂಲೆಗೆ. ಶಾಲೆಯ ಅಕ್ಕೋರು ಬೆಂಚಲ್ಲಿ ನೆಟ್ಟಗೆ ಕೂರೋದಿಲ್ಲ ಅಂತ ದೂರು ಹೇಳಿದ್ರು. ಹುಡುಗಿ ಗೋಡೆಗೆ ಬರೆಯೋ ಮನೆಯ ಚಿತ್ರಕ್ಕೆ ಬಾಗ್ಲೇ ಇರ್ತಿರ್ಲಿಲ್ಲ, ಮರ ಇರ್ತಿರ್ಲಿಲ್ಲ. ಒಂದು ಗುಡ್ಡೆ, ಸುತ್ತ ಗೀಟು ಗೀಟು. ಗೀಟು ಎಂತದು ಕೇಳಿದ್ರೆ ನೀರು ಅಂತಿತ್ತು.

ದಾಮೋದರ ಎರಡು ದಿನ ಬಿಟ್ಟು ಬೋಟಿಂದ ಬಂದ. ಅವನಿಗೆ ಮೊದಲು ತಮಾಷೆ. ಬೋಟಿಗೆ ಕಂಪಾಸ್ ತರೋದು ಉಳೀತು, ಇವಳನ್ನೇ ಮುಂದೆ ಕೂರಿಸ್ಕೊಂಡ್ರೆ ಆಯ್ತು ಅಂದ. ಹೆಂಡತಿ ಮುಖ ನೋಡಿ, ಆಯ್ತು ನಿನ್ನ ಸಮಾಧಾನಕ್ಕೆ ಅಂತ ಹೇಳಿ ಮಗಳನ್ನ ಹೊಳೆಯಲ್ಲಿ ಸಣ್ಣ ದೋಣಿಗೆ ಹತ್ತಿಸ್ಕೊಂಡ. ಗುಲಾಬಿನೂ ಹತ್ತಿದ್ಲು. ಮಗಳ ಕಣ್ಣಿಗೆ ಟವೆಲ್ ಕಟ್ಟಿದ್ರು, ಕಣ್ಣಾಮುಚ್ಚಾಲೆ ಆಟ ಅಂತ ಹೇಳಿ. ದಾಮೋದರ ಹುಟ್ಟು ಹಾಕಿ ದೋಣಿಯನ್ನ ಮೆಲ್ಲ ಬಡಗಕ್ಕೆ ತಿರುಗಿಸಿದ. ಹುಡುಗಿ ಕೂತಲ್ಲೇ ತಿರುಗ್ತು. ಮೂಡಕ್ಕೆ ತಿರುಗಿಸಿದ, ಹುಡುಗಿ ಬೆನ್ನಿನ ಕಡೆಗೆ ತಿರುಗ್ತು. ನಾಲ್ಕು ಸುತ್ತು ಬೇಗ ಬೇಗ ಹೊಡೆಸಿ ತಟ್ಟನೆ ನಿಲ್ಲಿಸಿದ. ಹುಡುಗಿಯ ಮುಖ ಒಂಚೂರು ಆಚೆ ಒಂಚೂರು ಈಚೆ ತೂಗಿ, ಮುಳ್ಳು ನಿಂತ ಹಾಗೆ ನೈಋತ್ಯಕ್ಕೆ ನಿಂತಿತು. ದಾಮೋದರನ ಕೈಯಿಂದ ಹುಟ್ಟು ಜಾರಿ ಹೊಳೆಗೆ ಬಿತ್ತು. ಇಪ್ಪತ್ತು ವರ್ಷ ಕಡಲಲ್ಲಿ ಇದ್ದವನು, ಹುಟ್ಟು ಕಳ್ಕೊಂಡದ್ದು ಅದೇ ಮೊದಲು.

ದಿಕ್ಕು ನೋಡಿದ ಕೂಡ್ಲೇ ಗುಲಾಬಿಗೆ ಏಳು ವರ್ಷದ ಹಿಂದಿನ ಕಳ್ಳತನ ನೆನಪಾಯ್ತು.

ಕಳ್ಳತನ ಅಂದ್ರೆ ಸಾಮಾನು ಕದ್ದದ್ದಲ್ಲ. ಸಿಂಚನಾ ಹುಟ್ಟಿ ಮೂರು ತಿಂಗಳಿಗೆ ಗುಲಾಬಿ ಕೆಲಸಕ್ಕೆ ಬಂದಿದ್ಲು. ಬೇಬಿಗೂ ಅದೇ ಪ್ರಾಯದ ಹೆಣ್ಣುಮಗು. ಬೇಸಗೆಯ ಸೆಕೆ, ಹೊರಗೆ ಕೂಸು ಬೆವರಿ ಬೆವರಿ ಬೊಕ್ಕೆ ಏಳ್ತಿತ್ತು. ಗುಂಯ್‌ಕೋಣೆ ಮಾತ್ರ ತಂಪು, ಮೊಟ್ಟೆಗೆ ಹದ ಬೇಕಲ್ಲ. ಬಾಗಿಲ ಮೇಲೆ ಹೊರಗಿನವರಿಗೆ ಪ್ರವೇಶ ಇಲ್ಲ ಅಂತ ಬರೆದಿತ್ತು. ಕೂಸು ಹೊರಗಿನವರು ಹೇಗಾಗ್ತದೆ? ಡಾಕ್ಟರ್ ಮಧ್ಯಾಹ್ನ ಊಟಕ್ಕೆ ಹೋದ್ರೆ ಮೂರು ಗಂಟೆಯವರೆಗೆ ಬರ್ತಿರ್ಲಿಲ್ಲ. ಆ ಹೊತ್ತಿಗೆ ಇಬ್ರೂ ಹಳೆ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನ ಮಲಗಿಸ್ತಿದ್ರು. ಕಟ್ಟಿದ್ದು ಎಲ್ಲಿಗೆ ಅಂದ್ರೆ ಆ ಚೌಕಟ್ಟಿಗೇ. ಕೋಣೆಯಲ್ಲಿ ಗಟ್ಟಿಮುಟ್ಟಾದ ಮರ ಅಂದ್ರೆ ಅದೊಂದೇ. ಗುಂಯ್ ಸದ್ದಿಗೆ ಮಕ್ಕಳು ಲಾಲಿ ಇಲ್ಲದೇ ಮಲಗ್ತಿದ್ವು. ಮಳೆ ಬರೋವರೆಗೂ ಹೀಗೇ ನಡೆದಿತ್ತು. ಒಂದು ದಿನ ಡಾಕ್ಟರ್ ಮುಂಚೆ ಬಂದಾಗ ಬೇಬಿ ಎರಡೂ ಕೂಸನ್ನ ಮೀನಿನ ಬುಟ್ಟಿಯಲ್ಲಿ ಹಾಕಿ ಮೇಲೆ ಟವೆಲ್ ಮುಚ್ಚಿ ಅವ್ರ ಎದುರಿಂದಲೇ ಹೊತ್ಕೊಂಡು ಹೋಗಿದ್ಲು. ಅವ್ರು ಇವತ್ತು ಯಾವ ಮೀನು ಅಂತ ಕೇಳಿದ್ರು, ಇವಳು ಬಂಗಡೆ ಅಂದಿದ್ಲು. ಎಷ್ಟೋ ವರ್ಷ ಅದನ್ನ ಹೇಳ್ಕೊಂಡು ನಗ್ತಿದ್ರು ಇಬ್ರೂ.

ಈಗ ಹೇಳಿದ್ರೆ ಕೆಲಸ ಹೋಗ್ತದೆ, ಬೇಬಿಯದ್ದೂ ಹೋಗ್ತದೆ. ಗುಲಾಬಿ ಒಂದು ದಿನ ಬಾಯಿ ಬಿಡ್ಲಿಲ್ಲ. ಮಾರನೇ ದಿನ ಮಟಮಟ ಮಧ್ಯಾಹ್ನ ಹುಡುಗಿ ಕಾಣಿಸ್ಲಿಲ್ಲ. ಬಾವಿ ನೋಡಿದ್ರು, ಶಾಲೆ ನೋಡಿದ್ರು. ಕೊನೆಗೆ ಬಲೆ ಎಳೆಯೋರು ಕೂಗಿದ್ರು. ದೊಡ್ಡವ್ರ ಎದೆಮಟ್ಟದ ನೀರಲ್ಲಿ, ಒಂದು ಒಣ ತೆಂಗಿನ ಗರಿ ತಬ್ಕೊಂಡು, ತೆರೆ ದಾಟಿ ಆಗ್ಲೇ ಮೂವತ್ತು ಮಾರು ಆಚೆ ಹೋಗಿತ್ತು. ಎಳೆದು ತಂದಾಗ ತುಟಿ ನೀಲಿ. ಹೆದರಿದ ಲಕ್ಷಣ ಒಂದಿನಿತೂ ಇಲ್ಲ. ಅದು ನೋಡಿಯೇ ಗುಲಾಬಿಗೆ ಪೂರಾ ಜೀವ ಹಾರಿದ್ದು. ಹೆದರೋ ಮಗುವಾದ್ರೆ ನೀರಿಗೆ ಹೆದರಿಸಿ ನಿಲ್ಲಿಸಬಹುದಿತ್ತು.

ಒದ್ದೆ ಮಗಳನ್ನ ಎತ್ಕೊಂಡು ಅವಳು ಸೀದಾ ಗುಂಯ್‌ಕೋಣೆ ಇರೋ ಆಮೆ ಕೇಂದ್ರಕ್ಕೆ ಹೋದ್ಲು. ಬೇಬಿ ಬಾಗಿಲಲ್ಲೇ ತಡೆದ್ಲು, ಎಂತ ಹೇಳೂಕೆ ಹೊರಟೆ, ನನ್ನ ಮಗಳು ಗಟ್ಟಿ ಅದೆ, ಅವಳೂ ಅಲ್ಲೇ ಮಲಗಿದ್ದಲ್ದಾ ಅಂದ್ಲು. ಗುಲಾಬಿ ಅವಳನ್ನ ಸರಿಸಿ ಒಳಗೆ ಹೋಗಿ ಎಲ್ಲ ಹೇಳಿದ್ಲು. ಬುಟ್ಟಿಯ ಬಂಗಡೆಯ ವಿಷಯವನ್ನೂ ಬಿಡ್ಲಿಲ್ಲ.

ಡಾಕ್ಟರ್ ಸಿಟ್ಟು ಮಾಡ್ಲಿಲ್ಲ. ನಂಬಲೂ ಇಲ್ಲ. ಆಮಿ ತಲ್ಯಾಗ ಅದಕ್ಕಂತನ ಒಂದು ವ್ಯವಸ್ಥಾ ಐತವಾ, ಮನಶ್ಯಾರ ತಲ್ಯಾಗ ಅದು ಇದ್ದರೂ ಸತ್ತು ಮಲಗೇತಿ ಅಂತ ಸಮಾಧಾನ ಹೇಳಿದ್ರು. ಹೇಳ್ತಾ ಇರೋವಾಗ ಸಿಂಚನಾ ಅಮ್ಮನ ಸೊಂಟದಿಂದ ಜಾರಿ ಇಳಿದು ಗುಂಯ್‌ಕೋಣೆಯ ಬಾಗಿಲು ತಳ್ಳಿ ಒಳಗೆ ಹೋಯ್ತು. ಚೌಕಟ್ಟು ದಾಟಿ, ಮರಳಿನ ಪೆಟ್ಟಿಗೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಉಸ್ಸಪ್ಪ ಅಂತ ಉಸಿರು ಬಿಡ್ತು. ಮೂರು ದಿನ ಒಂದು ಅಗುಳು ಮುಟ್ಟದ ಮಗು ತಲೆ ಎತ್ತಿ ಕೇಳ್ತು.

"ಅಮ್ಮಾ, ಬಂದ್ಯಾ? ಊಟ ಹಾಕು, ಹಸಿವಾತು."

ಡಾಕ್ಟರ್ ಎದ್ದು ಹುಡುಗಿಯ ಹಿಂದೆ ಹೋದ್ರು. ಆಮೇಲೆ ಒಂದು ಗಂಟೆ ಅವ್ರು ಮಾಡದ ಪರೀಕ್ಷೆ ಇಲ್ಲ. ಹುಡುಗಿಯನ್ನ ಹೊರಗೆ ತಂದ್ರೆ ನೈಋತ್ಯಕ್ಕೆ ತಿರುಗಿ ಅಳು, ಒಳಗೆ ಬಿಟ್ರೆ ಆಟ. ಎಂಟು ವರ್ಷದಿಂದ ಮರಿಗಳಿಗೆ ಹಚ್ಚಿದ ಪಾಠ ಒಂದು ಮಗುವಿಗೆ ಹತ್ತಿತ್ತು. ಅದನ್ನ ಅಳಿಸೋಕೆ ಆಗೋದಿಲ್ವಾ ಅಂತ, ಹಿಂದಿಂದ ಓಡಿ ಬಂದಿದ್ದ ದಾಮೋದರ ಕೇಳಿದ. ಬರಿಯೂದು ಗೊತ್ತೈತಿ, ಅಳಸೂದು ಯಾರಿಗೂ ಗೊತ್ತಿಲ್ಲ ಅಂದ್ರು ಡಾಕ್ಟರ್. ಹಲ್ಲು ಬೀಳೋ ವಯಸ್ಸಿಗೆ ಎದ್ದದ್ದು, ಮೈನೆರೆದ ಮೇಲೆ ಇನ್ನೂ ಜೋರಾಗಬಹುದು. ಆಮೆಗೆ ಎಳೆತ ತಡೆಯೋಕೆ ಆಗದ ಹಾಗೆ ಆಗೋದು ಮೊಟ್ಟೆ ಇಡೋ ಕಾಲಕ್ಕೆ. ಮಗಳು ಬಸುರಿಯಾಗಿ ಬಾಣಂತನಕ್ಕೆ ಹೊರಟಂತೆ, ಮುನ್ನೂರು ಕಿಲೋಮೀಟರ್ ನೀರಿನಾಚೆ ಆ ಬೋಳು ದಿಬ್ಬಕ್ಕೆ ಹೊರಟಂತೆ ಗುಲಾಬಿಯ ಕಣ್ಣಿಗೆ ಕಟ್ಟಿತು.

ಆದ್ರೆ ಡಾಕ್ಟರಿಗೆ ಒಂದು ಬಗೆಹರೀಲಿಲ್ಲ. ಒಂದೇ ಚೌಕಟ್ಟು, ಒಂದೇ ಹೊತ್ತು, ಎರಡು ಜೋಲಿ. ಬೇಬಿಯ ಮಗಳಿಗೆ ಏನೂ ಇಲ್ಲ, ಇವಳಿಗೆ ಮಾತ್ರ ಯಾಕೆ? ಸಂಜೆ ಮುಂಚೆ ಮನೆಗೇ ಬಂದ್ರು. ಜೋಲಿಯ ಬಟ್ಟೆ ಯಾವುದು, ಎಷ್ಟು ಎತ್ತರ, ಕೂಸಿನ ಮೈಮೇಲೆ ಏನಿತ್ತು, ಬೆಳ್ಳಿ ಉಡಿದಾರವೋ, ತಾಯತವೋ ಅಂತ ಪೊಲೀಸರ ಹಾಗೆ ಕೇಳಿದ್ರು. ಅವ್ರ ಜೊತೆಗೇ ಬಂದಿದ್ದ ಬೇಬಿ ತನ್ನ ಮಗಳ ಜೋಲಿಯಲ್ಲಿ ಪ್ಲಾಸ್ಟಿಕ್ ಜಪಮಾಲೆ ಇಟ್ಟಿದ್ದೆ ಅಂದ್ಲು. ಮಾಸ್ತಮ್ಮ ಮೂಲೆಯಲ್ಲಿ ಕೂತು ಅಡಿಕೆ ಕತ್ತರಿಸ್ತಾ ಇದ್ರು.

"ನಾವು ಹಾಗೆ ಬರೀ ಜೋಲಿಲಿ ಕೂಸು ಮಲಗ್ಸುದಿಲ್ಲ," ಅಂದ್ರು ಮುದುಕಿ. "ಗಾಳಿ ಸೋಕ್ತದೆ. ತಲೆಯಡಿ ಕಬ್ಬಿಣ ಬೇಕು. ನಾನು ದಿನಾ ಇದನ್ನೇ ಇಟ್ಟು ಕಳಿಸ್ತಿದ್ದೆ."

ಕೈಯಲ್ಲಿದ್ದ ಅಡಕತ್ತಿ ಎತ್ತಿ ತೋರಿಸಿದ್ರು. ಡಾಕ್ಟರ್ ಅದನ್ನ ಇಸ್ಕೊಂಡು, ಗುಲಾಬಿಯ ಸೆರಗಿನ ಪಿನ್ನು ಕೇಳಿ ತಗೊಂಡು, ಹತ್ತಿರ ಹಿಡಿದ್ರು. ಪಿನ್ನು ಟಕ್ ಅಂತ ಹಾರಿ ಅಡಕತ್ತಿಗೆ ಕಚ್ಕೊಳ್ತು. ಕೆಳಗೆ ಹಿಡಿದು ಅಲ್ಲಾಡಿಸಿದ್ರೂ ಬೀಳ್ಲಿಲ್ಲ.

ಅವ್ರು ತಡೆದು ತಡೆದು ವಿವರ ಹೇಳಿದ್ರು. ಚೌಕಟ್ಟಿನ ಎಳೆತ ನೂಲಿನಷ್ಟು ಸಣ್ಣದು, ಮೊಟ್ಟೆಗೆ ಸಾಕು, ಮನುಷ್ಯನ ಕೂಸಿಗೆ ತಾಗೋದಲ್ಲ. ನಡುವೆ ಕಬ್ಬಿಣ ಇಟ್ರೆ ಅದು ಆ ಎಳೆತವನ್ನೆಲ್ಲ ಎಳ್ಕೊಂಡು ಒಂದೇ ಕಡೆ ಬಿಗಿ ಮಾಡಿ ಕೊಡ್ತದೆ. ಕೊಟ್ಟದ್ದು ಎಲ್ಲಿಗೆ, ಕೂಸಿನ ತಲೆಯ ಅಡಿಗೆ. ಅದೂ ಇನ್ನೂ ನೆತ್ತಿ ಕೂಡದ ತಲೆ. ಮಾಸ್ತಮ್ಮ ಪೂರ್ತಿ ಕೇಳಿದ್ರು. ಕೇಳಿ, ಕತ್ತರಿಸಿದ ಅಡಿಕೆಯನ್ನ ಸೆರಗಲ್ಲಿ ತುಂಬ್ಕೊಂಡು ಹೋಗಿ ದನದ ಕೊಟ್ಟಿಗೆಯ ಗೊಬ್ಬರಕ್ಕೆ ಸುರಿದು ಬಂದ್ರು. ಆಮೇಲೆ ಅವ್ರು ಎಲೆ ಹಾಕಿದ್ದು ಯಾರೂ ಕಂಡಿಲ್ಲ. ಯಾರೂ ಅವ್ರಿಗೆ ಒಂದು ಮಾತು ಅಂದದ್ದೂ ಇಲ್ಲ. ಅನ್ನೋದು ಹೇಗೆ? ಗಾಳಿ ಸೋಕದಿರ್ಲಿ ಅಂತ ಇಟ್ಟ ಕಬ್ಬಿಣ.

ಗುಂಯ್‌ಕೋಣೆಯಲ್ಲಿ ಮಗಳನ್ನ ಸಾಕೋಕೆ ಆಗೋದಿಲ್ಲ. ಮಗಳ ತಲೆಗೆ ಬೇರೆ ವಿಳಾಸ ಹಾಕೋಕೂ ಆಗೋದಿಲ್ಲ. ಉಳಿದದ್ದು ಒಂದೇ ದಾರಿ, ಅದನ್ನ ಹೇಳಿದವನು ದಾಮೋದರ. ಅವಳು ಮನೆಗೆ ಬರೋದಿಲ್ಲ ಅಂದ್ರೆ ಮನೆಗೇ ಆ ವಿಳಾಸ ಹಾಕಿ ಅಂದ. ಡಾಕ್ಟರ್ ಅವನ ಮುಖ ನೋಡಿದ್ರು. ಇಷ್ಟು ಓದಿ ನನಗ ಹೊಳೀಲಿಲ್ಲಲ್ಲೋ ಮಾರಾಯಾ ಅಂದ್ರು, ಗದಗದ ಬಾಯಲ್ಲಿ ಕರಾವಳಿಯ ಮಾರಾಯ.

ಗುಲಾಬಿಯ ಮನೆ ಕಾಂಕ್ರೀಟಿನದ್ದು, ಒಳಗೆಲ್ಲ ಕಬ್ಬಿಣದ ಸರಳು, ಅದು ಆಗೋದಿಲ್ಲ. ಮನೆಯ ಹಿಂದೆ ಮೀನು ಒಣಗಿಸಿ ಇಡೋ ಹಳೆ ಕೊಟ್ಟಿಗೆ ಇತ್ತು, ಮಣ್ಣಿನ ಗೋಡೆ, ತೆಂಗಿನ ಗರಿಯ ಮಾಡು, ಕಟ್ಟಿದ್ದೆಲ್ಲ ನಾರಿನ ಹಗ್ಗದಲ್ಲಿ. ಅದನ್ನ ಗುಡಿಸಿ ಸಾರಿಸಿದ್ರು. ಹೊನ್ನಾವರದಿಂದ ಮೋಟರ್ ವೈಂಡಿಂಗ್ ಮಾಡೋ ಮುನಾಫ್ ಬಂದು ನಾಲ್ಕು ದಿನ ಕೂತು ತಾಮ್ರದ ತಂತಿ ಸುತ್ತಿದ. ಮೂವತ್ತು ವರ್ಷ ಪಂಪಿಗೆ ಸುತ್ತಿದ್ದೇನೆ, ಮನೆಗೆ ಸುತ್ತಿದ್ದು ಇದೇ ಮೊದಲು, ಯಾರಿಗೂ ಹೇಳ್ಬೇಡಿ ಗಿರಾಕಿ ಹೆದರ್ತಾರೆ ಅಂದ. ಕಬ್ಬಿಣ ಅಂದ್ರೆ ಒಂದು ಮೊಳೆ ಕೂಡ ಒಳಗೆ ಹೋಗೋ ಹಾಗಿಲ್ಲ. ಮೀನು ಕೊಯ್ಯೋ ಮೆಟ್ಟುಗತ್ತಿ ಹೊರಗೆ, ಟ್ರಂಕು ಹೊರಗೆ, ಕೂದಲ ಪಿನ್ನು ಹೊರಗೆ, ಫೋನು ಹೊರಗೆ. ಮಣ್ಣಿನ ಮಡಕೆಯಲ್ಲಿ ಅನ್ನ, ಹಿತ್ತಾಳೆ ತಂಬಿಗೆಯಲ್ಲಿ ನೀರು. ಡಾಕ್ಟರ್ ಆ ಎರಡು ಅಂಕಿಯನ್ನ ತಾವೇ ಕೂರಿಸಿದ್ರು.

ಸ್ವಿಚ್ ಹಾಕಿದ್ರು. ಹುಡುಗಿಯನ್ನ ಕರೆತಂದ್ರು. ಹೊಸ್ತಿಲ ಹೊರಗೆ ನಿಂತು ಒಂದು ಕ್ಷಣ ಮೂಸಿ ನೋಡಿದ ಹಾಗೆ ಮಾಡಿ, ಒಳಗೆ ಕಾಲಿಟ್ಟು, ಚಪ್ಪಲಿ ಮೂಲೆಗೆ ಎಸೆದು ಬಿದ್ಕೊಳ್ತು. ಮನೆಗೆ ಬಂದವ್ರು ಚಪ್ಪಲಿ ಎಸೆಯೋ ಹಾಗೆ. ಗುಲಾಬಿ ಅವತ್ತು ಅತ್ತದ್ದು ಆ ಚಪ್ಪಲಿ ನೋಡಿ.

ಏಪ್ರಿಲ್, ಮೇ ಎರಡು ತಿಂಗಳು ಚೆನ್ನಾಗಿಯೇ ಹೋಯ್ತು. ಶಾಲೆಗೆ ರಜೆ. ನಾಲ್ಕೂ ಜನ ಮೀನಿನ ವಾಸನೆಯ ಆ ಕೊಟ್ಟಿಗೆಯಲ್ಲೇ ಮಲಗಿದ್ರು. ಹುಡುಗಿ ಮೈ ತುಂಬ್ಕೊಳ್ತು, ಅಜ್ಜಿಯ ಜೊತೆ ಚೆನ್ನೆಮಣೆ ಆಡಿ ಮೋಸ ಮಾಡಿ ಗೆಲ್ಲೋಕೂ ಕಲೀತು. ಹೊರಗೆ ಹೋದ್ರೆ ಮಾತ್ರ ಯಾರಾದ್ರೂ ಕೈ ಹಿಡ್ಕೊಂಡಿರ್ಬೇಕು, ಅರ್ಧ ಗಂಟೆಗಿಂತ ಹೆಚ್ಚು ಇಲ್ಲ. ಕರೆಂಟ್ ಹೋದ್ರೆ ಅಂತ ಡಾಕ್ಟರ್ ಬ್ಯಾಟರಿ ಜೋಡಿಸಿದ್ರು, ನಾಲ್ಕು ಗಂಟೆ ಬರ್ತಿತ್ತು. ಬೇಸಗೆಯಲ್ಲಿ ಹೋದ ಕರೆಂಟ್ ನಾಲ್ಕು ಗಂಟೆಯೊಳಗೆ ಬಂದೇ ಬರ್ತಿತ್ತು. ಆದ್ರೆ ಕರಾವಳಿಯವ್ರಿಗೆ ಗೊತ್ತು, ಬೇಸಗೆಯ ಕರೆಂಟ್ ಬೇರೆ, ಮಳೆಗಾಲದ ಕರೆಂಟ್ ಬೇರೆ. ಗುಲಾಬಿ ಮೇ ತಿಂಗಳ ಕೊನೆಯಿಂದ ಆಕಾಶ ನೋಡೋದನ್ನೇ ಒಂದು ಕೆಲಸ ಮಾಡ್ಕೊಂಡಿದ್ಲು.

ಜೂನ್ ನಾಲ್ಕಕ್ಕೆ ಬಂತು. ಮಳೆ ಅಲ್ಲ, ಮಳೆಯ ಅಪ್ಪ. ಬೆಳಗ್ಗೆ ಹತ್ತು ಗಂಟೆಗೆ ಕಪ್ಪಾಗಿ, ಗಾಳಿಗೆ ಏಳು ಕಂಬ ಮಲಗಿದ್ವು. ಕರೆಂಟ್ ಹೋಯ್ತು, ಬ್ಯಾಟರಿ ಹಿಡೀತು. ದಾಮೋದರ ಕೇಂದ್ರದ ಬ್ಯಾಟರಿ ತರ್ತೆ ಅಂತ ಓಡಿದ. ಅಲ್ಲಿ ಡಾಕ್ಟರ್ ಎರಡು ಬ್ಯಾಟರಿ ಬಿಚ್ಚಿ ಕೊಟ್ರು, ಆದ್ರೆ ವಾಪಸ್ ಬರೋ ದಾರಿಯಲ್ಲಿ ಹೊಳೆ ಉಕ್ಕಿ ಮೋರಿ ಮುಳುಗಿತ್ತು. ಆಚೆ ದಡದಿಂದ ಫೋನು ಮಾಡಿ, ಸುತ್ತು ದಾರಿಯಲ್ಲಿ ಬರ್ತೆ, ಅವಳನ್ನ ಗಟ್ಟಿ ಹಿಡ್ಕೋ ಅಂದ. ಗುಲಾಬಿ ಫೋನನ್ನ ಹೊರಗಿನ ಜಗಲಿಯಲ್ಲೇ ಇಟ್ಟು ಒಳಗೆ ಬಂದ್ಲು. ಮಾಸ್ತಮ್ಮ ಬಾಗಿಲಿಗೆ ಅಡ್ಡ ಕೂತಿದ್ರು. ಸಿಂಚನಾ ಚೆನ್ನೆಮಣೆಯ ಕಾಯಿ ಎಣಿಸ್ತಾ, ಶಾಲೆ ಶುರುವಾದ್ರೆ ಯಾರ ಪಕ್ಕ ಕೂರೋದು ಅಂತ ಹೇಳ್ತಾ ಇತ್ತು. ಬೇಬಿ ಆಂಟಿಯ ಮಗಳ ಪಕ್ಕ ಬೇಡ, ಅವಳು ರಬ್ಬರ್ ಕೊಡೋದಿಲ್ಲ.

ಎರಡು ಗಂಟೆಗೆ ಬ್ಯಾಟರಿಯ ಹಸಿರು ದೀಪ ಕೆಂಪಾಯ್ತು. ಗುಲಾಬಿ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು ಎರಡೂ ಕೈ ಸುತ್ತಿ ಹಿಡಿದ್ಲು. ಮಗಳ ಬೆನ್ನು ಅವಳ ಎದೆಗೆ ಬಿಸಿಬಿಸಿ ತಾಗ್ತಿತ್ತು. ಗುಂಯ್ ಸದ್ದು ಸಣ್ಣಾಗಿ, ಸೊಳ್ಳೆಯ ಹಾಗೆ ಆಗಿ, ನಿಂತೇ ಹೋಯ್ತು. ಹುಡುಗಿಯ ಮಾತು ನಡುವೆಯೇ ತುಂಡಾಯ್ತು. ಕುತ್ತಿಗೆ ತಿರುಗ್ತು. ಬಿಸಿ ಬೆನ್ನು ಮೆಲ್ಲ ಸೆಟೆದು ಅವಳ ಎದೆಯಿಂದ ದೂರ ಆಯ್ತು. ಈ ಸಲ ಅಳು ಇಲ್ಲ, ಅಮ್ಮ ಮನೆಗೆ ಹೋಗುವಾ ಅನ್ನೋದೂ ಇಲ್ಲ. ಹುಡುಗಿ ತಿರುಗಿ ಗುಲಾಬಿಯ ಮುಖ ನೋಡ್ತು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸನ್ನ ನೋಡೋ ಹಾಗೆ, ಮರ್ಯಾದೆಯಿಂದ.

"ಅಕ್ಕೋರೇ," ಅಂತು, "ಸ್ವಲ್ಪ ಕೈ ಬಿಡ್ತ್ರಾ? ನಂಗೆ ತಡ ಆಗ್ತದೆ."

ಗುಲಾಬಿಯ ಕೈ ತಂತಾನೇ ಸಡಿಲಾಯ್ತು. ಹೆತ್ತ ಮಗಳು ಬಹುವಚನದಲ್ಲಿ ಮಾತಾಡಿಸಿದ್ರೆ ಯಾರ ಕೈ ನಿಲ್ತದೆ? ಹುಡುಗಿ ಎದ್ದು ಅಜ್ಜಿಯನ್ನ ದಾಟಿ ಮಳೆಗೆ ಇಳೀತು. ಮಾಸ್ತಮ್ಮ ಲಂಗ ಹಿಡಿದ್ರು. ಹುಡುಗಿ ಮಣಿಕಟ್ಟು ಕಚ್ಚಿ ಬಿಡಿಸ್ಕೊಂಡಿತು, ರಕ್ತ ಬರೋ ಹಾಗೆ. ಹಿಡಿದಷ್ಟೂ ಇದು ಕಚ್ತದೆ, ಎಳೆದಷ್ಟೂ ಓಡ್ತದೆ ಅಂತ ಗುಲಾಬಿಗೆ ಅರ್ಥ ಆಯ್ತು. ಎದುರಿಗೆ ಜೂನ್ ತಿಂಗಳ ಕಡಲು, ತೆಂಗಿನೆತ್ತರದ ತೆರೆ. ಮಗಳ ಹೆಜ್ಜೆಗೆ ಅದು ಇನ್ನೂರು ಹೆಜ್ಜೆ.

ಅವಳು ಹಿಂದಿನಿಂದ ಕೂಗ್ಲಿಲ್ಲ. ಓಡ್ಲೂ ಇಲ್ಲ. ಬೇಗ ಬೇಗ ನಡೆದು ಮಗಳ ಬಲಗಡೆಗೆ, ಕಡಲಿಗೂ ಮಗಳಿಗೂ ನಡುವೆ ಬಂದು, ಸೆರಗನ್ನ ತಲೆಗೆ ಹೊದ್ದು, ಅದೇ ದಾರಿಗೆ ಹೊರಟ ಬೇರೆ ಯಾರೋ ಹೆಂಗಸಿನ ಹಾಗೆ ಹೆಜ್ಜೆ ಹಾಕಿದ್ಲು. ದಾರಿಹೋಕರ ಹಾಗೆ ಕೇಳಿದ್ಲು.

"ಎಲ್ಲಿಗೆ ಹೊರಟ್ಯೇ ತಂಗಿ, ಇಂಥ ಮಳೇಲಿ?"

"ಮನೆಗೆ," ಅಂತು ಹುಡುಗಿ.

"ನಾನೂ ಆ ಬದಿಗೇ. ನೆಟ್ಟಗೆ ಹೋದ್ರೆ ನೀರು ಬಾಳ. ಬಾ, ಮರಳಲ್ಲೇ ತೆಂಕಕ್ಕೆ ಸುತ್ತು ಹೊಡ್ದು ಹೋಗುವಾ."

ಹುಡುಗಿ ನಿಂತು ಯೋಚನೆ ಮಾಡ್ತು. ಆಮೇಲೆ ಹುಡುಗಿ ಒದ್ದೆ ಕೈ ನೀಡ್ತು. ಗುಲಾಬಿ ಕಿರುಬೆರಳು ಮಾತ್ರ ಹಿಡಿದ್ಲು, ಗುರ್ತಿಲ್ಲದವ್ರು ಹಿಡಿಯೋ ಅಷ್ಟೇ ಹಗುರ. ಇಬ್ರೂ ತೆಂಕಕ್ಕೆ ನಡೆದ್ರು. ನಾಲಿಗೆಯಂಥ ಆ ಮರಳು ಮುಗಿಯೋಕೆ ಮೂರು ಕಿಲೋಮೀಟರ್. ಹೆಜ್ಜೆ ಎಷ್ಟು ಸಣ್ಣ ಮಾಡಬಹುದೋ ಅಷ್ಟು ಸಣ್ಣ ಮಾಡಿದ್ಲು ಗುಲಾಬಿ. ಮುಳ್ಳು ಚುಚ್ಚಿತು ಅಂತ ಎರಡು ಸಲ ಕೂತ್ಲು. ಹೆಸರೆಂತ ಅಂತ ಕೇಳಿದ್ಲು, ಹುಡುಗಿ ಹೇಳ್ತು. ಎಷ್ಟನೇ ಕ್ಲಾಸು ಕೇಳಿದ್ಲು, ಹೇಳ್ತು. ಕೇಳೋಕೆ ಇನ್ನೇನೂ ಸಿಗದೇ, ದಾಮೋದರ ಎಲ್ಲಿಗೆ ಮುಟ್ಟಿರಬಹುದು ಅಂತ ಲೆಕ್ಕ ಹಾಕ್ತಾ, ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂದ್ಲು.

"ಅಮ್ಮ ಇದ್ದಾಳೆ," ಅಂತು ಸಿಂಚನಾ. ಮಳೆ ನೀರು ಹೊಸ ಹಲ್ಲಿನ ಮೇಲೆ ಇಳೀತಾ ಇತ್ತು. "ಬೇಗ ನಡೀರಿ ಅಕ್ಕೋರೇ. ಅವಳಿಗೆ ಒಬ್ಬಳೇ ಇದ್ರೆ ಹೆದರಿಕೆ."